ನನಗಿಂತ ಮೊದಲೇ ಹೊರಟ ಚೀಲ

ಕೆಲವು ವಿವರ ತಪ್ಪಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ದಿನಚರಿ ಬರೆಯುತ್ತೇನೆ ನಿಜ, ಅದರಲ್ಲಿರುವುದು ಬರೀ ತಾರೀಖು. ನಮ್ಮ ದೊಡ್ಡವ್ವನಿಗೋ ತಾರೀಖೆಂದರೆ ಬ್ಯಾಂಕಿನವರು ಇಟ್ಟುಕೊಂಡಿರುವ ಏನೋ ಒಂದು! ಕೊಟ್ಟೂರಿನ ಅವಳ ಮನೆಯ ಗೋಡೆ ಗಡಿಯಾರ ನಿಂತು ಎಷ್ಟು ವರ್ಷವಾಯಿತೋ. ಯಾರಾದರೂ ಸೆಲ್ ಹಾಕಲು ಹೋದರೆ, "ಬಿಡ್ರಿ, ಅದಕ್ಕ ರಾಹುಕಾಲ ತೋರ್ಸಾಕ ಬರಂಗಿಲ್ಲ" ಎನ್ನುತ್ತಾಳೆ.

ನಗಬೇಡಿ. ಹೊಸ್ತಿಲ ಬಿಸಿಲು ನೋಡಿ, ಹಗಲನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಆ ದಿನದ ರಾಹುಕಾಲ ಹೇಳುತ್ತಾಳೆ. ಮೊಬೈಲಿನಲ್ಲಿ ನೋಡಿದರೆ ಐದು ನಿಮಿಷವೂ ಹೆಚ್ಚುಕಮ್ಮಿಯಿಲ್ಲ! ಆ ಹೊತ್ತಿನಲ್ಲಿ ಅವಳು ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ಗ್ಯಾಸಿನವನೂ ಸಹಿಗೆ ಒಳಗೇ ಬರಬೇಕು.

ಒಮ್ಮೆ ಕೇಳಿದೆ: "ದೊಡ್ಡವ್ವ, ನಿನ್ನೆ ತದಿಗಿ, ಇವತ್ತು ಪಂಚಮಿ. ನಡುವಿನ ಚೌತಿ ಎಲ್ಲಿ ಹೋತು?"

"ನಿನ್ನೆ ಹೊತ್ತು ಹುಟ್ಟಿದ ಮ್ಯಾಲೆ ಬಂತು, ಇವತ್ತು ಹುಟ್ಟಾದ್ರೊಳಗ ಮುಗೀತು. ಸೂರ್ಯನ ಮಾರೀನ ನೋಡ್ಲಿಲ್ಲ. ಅದಕ್ಯಾಕ ಒಂದು ದಿನ ಕೊಡ್ತಾರ?"

ಎಂ.ಎ. ಓದಿದ ನನಗೆ ಇಷ್ಟು ಸಲೀಸಾಗಿ ಯಾರೂ ಏನನ್ನೂ ಕಲಿಸಿರಲಿಲ್ಲ.

ಹರಪನಹಳ್ಳಿಯಲ್ಲಿ ನನ್ನ ಮೊದಲ ಇಂಟರ್‌ವ್ಯೂ. ಸೋಮವಾರ ಎಂಟರ ಬಸ್ಸು. ಹೇಳಿ ಕೇಳಿ ರಾಹುಕಾಲ! ದೊಡ್ಡವ್ವ ಹಿಂದಿನ ಸಂಜೆಯೇ ಒಳ್ಳೆಯ ಹೊತ್ತು ನೋಡಿ ನನ್ನ ಚೀಲವನ್ನು ಎದುರುಮನೆ ಶಾಂತಕ್ಕನ ಪಡಸಾಲೆಯಲ್ಲಿಟ್ಟು ಬಂದಳು. "ಚೀಲ ಹೊಂಟ್ರ ನೀ ಹೊಂಟಂಗ." ಬೆಳಗ್ಗೆ ನೋಡಿದರೆ ಶಾಂತಕ್ಕ ಬೀಗ ಹಾಕಿಕೊಂಡು ಉಜ್ಜಿನಿಗೆ ಹೋಗಿದ್ದಾಳೆ! ಸರ್ಟಿಫಿಕೇಟೆಲ್ಲ ಒಳಗೆ. ನಾನು ಅತ್ತರೆ ಇವಳು, "ಹೊಂಟಿದ್ದಂತೂ ಖರೆ ಐತಲ್ಲ, ಮುಟ್ಟಾದೊಂದ ಬಾಕಿ!" ಎಂದಳು. ತಿಂಗಳುಗಟ್ಟಲೆ ನಾನು ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಅವ್ವನಿಲ್ಲದ ನನಗೆ ದೊಡ್ಡವ್ವನ ಮನೆಯೇ ತವರು. ಹೆರಿಗೆಗೆ ಅಲ್ಲಿಗೇ ಹೋದೆ. ದಿನ ತುಂಬುವ ಮೊದಲೇ, ಒಂದು ಮಂಗಳವಾರ ಮಧ್ಯಾಹ್ನ ಮೂರು ದಾಟಿದಾಗ, ನೋವು ಶುರುವಾಯಿತು. ಸರಿಯಾಗಿ ರಾಹುಕಾಲ! ಇನ್ನು ಒಂದೂವರೆ ತಾಸು ಇವಳು ನನ್ನನ್ನು ಹೊರಡಿಸುವುದಿಲ್ಲ, ಕೂಸಿನ ಗತಿಯೇನು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, "ಏಳ ನನ್ನವ್ವ, ನಡಿ" ಎಂದು ರಟ್ಟೆ ಹಿಡಿದು ಎಬ್ಬಿಸಿಯೇ ಬಿಟ್ಟಳು. ಆಟೋ ಹತ್ತುವಷ್ಟರಲ್ಲಿ ಎದುರುಮನೆಯಿಂದ ಶಾಂತಕ್ಕ ಓಡಿ ಬಂದಳು, ಕೈಯಲ್ಲಿ ಆಸ್ಪತ್ರೆಗೆಂದು ತುಂಬಿಟ್ಟಿದ್ದ ನನ್ನ ಚೀಲ!

"ಇದು ನಿಮ್ಮನ್ಯಾಗ ಯಾಕಿತ್ತಕ್ಕ?"

"ಹದಿನೈದು ದಿನ ಆತವ್ವ. ದಿನಾ ಒಳ್ಳೆ ಹೊತ್ತು ನೋಡಿ ತಂದಿಡ್ತಾಳ, ಮರುದಿನ ಒಯ್ದು ಮತ್ತ ತರ್ತಾಳ. ನೋವು ಯಾವ ಹೊತ್ತಿನ್ಯಾಗ ಬಂದೀತೋ ಅಂತ."

ಕೂಡ್ಲಿಗಿ ಆಸ್ಪತ್ರೆಯ ಬಾಗಿಲಲ್ಲಿ ಹೊರಳಿ ನೋಡಿದೆ. ದೊಡ್ಡವ್ವನ ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಏನೂ ಇಲ್ಲ.

ಮಗಳಿಗೆ ಈಗ ಮೂರು ವರ್ಷ. ಕಳೆದುಹೋದ ಚೌತಿಯ ಲೆಕ್ಕವನ್ನೂ ಒಪ್ಪಿಸಿದವಳು ಇದೊಂದನ್ನು ಕೇಳಿದಾಗಲೆಲ್ಲ ಮಾತ್ರ ಕೂಸನ್ನು ಹತ್ತಿರ ಎಳೆದುಕೊಂಡು ತಲೆ ಬಾಚತೊಡಗುತ್ತಾಳೆ:

"ನನ್ನ ಚೀಲ ಮೊದ್ಲ ಹೊಂಟಿತ್ತು, ಖರೆ. ನಿಂದು ಎಲ್ಲಿತ್ತು ದೊಡ್ಡವ್ವ? ಅವತ್ತು ನೀ ಹೆಂಗ ಹೊಸ್ತಿಲು ದಾಟಿದಿ?"