ಉದ್ಯಾಪನೆಯಾದ ನಡಿಗೆ

ಒಂದು ಕಡೆ ಕೂತು ಒಂದು ಕೆಲಸ ಮುಗಿಸುವವರನ್ನು ಕಂಡರೆ ನನಗೆ ಮೊದಲಿಂದಲೂ ಹೊಟ್ಟೆಕಿಚ್ಚು. ಒಗ್ಗರಣೆ ಇಟ್ಟು ಕರಿಬೇವಿಗೆಂದು ಹಿತ್ತಲಿಗೆ ಹೋದರೆ, ಅಲ್ಲಿ ಒಣಗಿದ ಬಟ್ಟೆ ಅರ್ಧ ಮಡಚಿ, ಶಾಲೆಯ ಉತ್ತರಪತ್ರಿಕೆ ಹಿಡಿದು ಕೂತಿರುತ್ತೇನೆ. ಒಗ್ಗರಣೆ ಸೀದದ್ದು ಸೇಡಂನ ನಮ್ಮ ಓಣಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗುತ್ತದೆ. ಆಮೇಲೆ ಎದೆ ಢವಢವ, ಸಿಟ್ಟು, ಅಳು. "ತಲಿ ಎಲ್ಲಿಟ್ಟೀಯವಾ?" ಎನ್ನುತ್ತಿದ್ದರು ಅತ್ತೆ. ಇಟ್ಟ ಜಾಗ ನೆನಪಿದ್ದರೆ ನಾನೇ ಹೋಗಿ ತರುತ್ತಿದ್ದೆ.

ನಲವತ್ತಕ್ಕೆ ಬಂದಾಗ ಗುಲಬರ್ಗಾದ ಡಾಕ್ಟರೊಬ್ಬರು ಗಮನ ಒಂದೆಡೆ ನಿಲ್ಲದ ಇದಕ್ಕೆ ಎಡಿಎಚ್‌ಡಿ ಎಂದು ಹೆಸರು ಹೇಳಿದರು. ಇದು ಸೊಕ್ಕಲ್ಲ, ಮಿದುಳಿನ ರೀತಿಯೇ ಹಾಗೆ ಎಂದಾಗ ಅಲ್ಲೇ ಅತ್ತುಬಿಟ್ಟೆ. ಗುಳಿಗೆ ಬರೆದು, "ಜೋಡಿಗೆ ದಿನಾ ಅರ್ಧ ತಾಸು ಉಸುರು ಏರೂ ಹಂಗ ನಡೀರಿ. ಗಾಬರಿ ಇಳೀತದ, ಮನಸ್ಸು ಹಗುರ ಆಗ್ತದ" ಎಂದರು. ಅವರಿಗೇನು, ಹೇಳಿದರು. ಕೆಲಸವಿಲ್ಲದೆ ರಸ್ತೆಯಲ್ಲಿ ಬಿರಬಿರನೆ ನಡೆಯುವ ಹೆಂಗಸನ್ನು ಮೂರನೆಯ ದಿನವೇ ಜನ ನಿಲ್ಲಿಸಿ, "ಮನ್ಯಾಗ ಜಗಳೇನ್ರೀ ಟೀಚರ್?" ಎಂದು ಕೇಳಿದರು. ನಾಲ್ಕನೆಯ ದಿನ ಅತ್ತೆ ನನ್ನ ಚಪ್ಪಲಿ ಬಚ್ಚಿಟ್ಟರು.

ಚಪ್ಪಲಿ ಬೇಡದ ಜಾಗ ಒಂದಿತ್ತು, ಹನುಮಪ್ಪನ ಗುಡಿ. ಶಹಾಬಾದಿ ಫರಸಿಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನೂರೆಂಟು ಪ್ರದಕ್ಷಿಣೆ ಹಾಕಿದರೆ ಅರ್ಧ ತಾಸು ಮೀರುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ನನ್ನ ಬೆವರನ್ನು ಜನ ಭಕ್ತಿಯೆಂದು ತಿಳಿದರು, ನಾನೂ ತಿದ್ದಲಿಲ್ಲ. ಎರಡು ತಿಂಗಳಲ್ಲಿ ಎದೆಯ ಢವಢವ ಇಳಿಯಿತು. ಒಗ್ಗರಣೆ ಆಗಾಗ ಸೀಯುತ್ತಲೇ ಇತ್ತು. ಅದಕ್ಕೆ ನಾನು ಅಳುವುದು ಮಾತ್ರ ನಿಂತಿತು.

ಅದೇ ಮುಳುವಾಯಿತು. "ಸೊಸಿ ಹರಕಿ ಹನುಮಪ್ಪ ನಡಸಿಕೊಟ್ಟಾನ" ಎಂದು ಅತ್ತೆ ನನ್ನನ್ನು ಕೇಳದೆಯೇ ಹರಕೆ ಮುಗಿಸುವ ಉದ್ಯಾಪನೆ ಗೊತ್ತುಮಾಡಿದರು. "ಅದು ಹರಕಿ ಅಲ್ಲ ಅತ್ಯಾ, ವ್ಯಾಯಾಮ" ಎಂದೆ. "ದೇವರ ಸುತ್ತ ವ್ಯಾಯಾಮ ಮಾಡಿದ್ಯಾ?" ಎಂದು ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. ನಾನು ಹೂರಣ ರುಬ್ಬಿದೆ. ಊರು ಹೋಳಿಗೆ ಉಂಡಿತು. ಮರುದಿನ ಗುಡಿಗೆ ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು: "ಉದ್ಯಾಪನಿ ಆದ ಮ್ಯಾಲ ಮತ್ತ ಸುತ್ತಿದ್ರ, ದೇವರು ಕೊಟ್ಟಿಲ್ಲ ಅಂದಂಗ ಆಗ್ತದ!"

ಹದಿನೈದು ದಿನಕ್ಕೆ ಎದೆ ಮತ್ತೆ ಢವಢವ, ಮತ್ತೆ ಅಳು. ಡಾಕ್ಟರು, "ನಡೀಲಿಕತ್ತೀರೇನ್ರಿ?" ಎಂದು ಕೇಳಿದರು. "ಮುಗೀತ್ರಿ" ಎಂದೆ. ಸುಳ್ಳಲ್ಲ. ಈ ಜನ್ಮದಲ್ಲಿ ನಾನು ಅರ್ಧಕ್ಕೆ ಬಿಡದೆ, ಮಂತ್ರ ಹೇಳಿಸಿ, ದಕ್ಷಿಣೆ ಕೊಟ್ಟು ಪೂರ್ತಿ ಮುಗಿಸಿದ ಕೆಲಸ ಅದೊಂದೇ.