ಒಂಟಿ ಕಿವಿಯ ತೋಳ

ನನ್ನ ಮೊಮ್ಮಗಳಿಗೆ ಮನುಷ್ಯರ ಮೇಲೆ ಪ್ರೀತಿಯಿಲ್ಲ ಎಂದಲ್ಲ. ಮನುಷ್ಯರಿಗೆ ಬಾಲವಿಲ್ಲವಲ್ಲ, ಅದೊಂದೇ ಅವಳ ತಕರಾರು! ಹೆಸರಿಗೆ ಯಲ್ಲಾಪುರದ ಕಾಲೇಜು. ಕಸುಬು ಮಾತ್ರ ನಾಲ್ವರು ಗೆಳತಿಯರನ್ನು ಕಟ್ಟಿಕೊಂಡು ನಮ್ಮ ಕಿರವತ್ತಿಯ ಸುತ್ತ ಮನೆಮನೆ ತಿರುಗಿ, ತೋಳಗಳು ಅಳಿದುಹೋಗುತ್ತಿವೆ, ವಿಷ ಹಾಕಬೇಡಿ ಎಂದು ಸಾರುವುದು. ನಾನೋ ಆರು ಆಡು ಸಾಕಿದವಳು. ಆಡಿನ ಮನೆಯಲ್ಲಿ ತೋಳದ ವಕೀಲೆ ಹುಟ್ಟಿದರೆ ಮುದುಕಿಗೆ ನೆಮ್ಮದಿ ಎಲ್ಲಿಂದ ಬರಬೇಕು?

“ತೋಳ ಇದ್ರ ಹೊಲಕ್ಕ ಹಂದಿ ಕಾಟ ಕಡಿಮಿ, ಅಜ್ಜೀ.”

“ಹಂದಿ ತಿನ್ನು, ಆಡು ಬಿಡು ಅಂತ ಅದಕ್ಕ ಹೇಳಿ ಬಂದೀಯೇನು?”

ಒಂದು ದಿನ ನೋಡುತ್ತೇನೆ, ನನ್ನ ಕಂಬಳಿ ಅರ್ಧವಾಗಿದೆ. ಇನ್ನರ್ಧ ಬೀದಿ ನಾಟಕಕ್ಕೆ ತೋಳದ ಮುಖವಾಡವಾಗಿದೆ!

“ಕಂಬಳಿ ಹಳೇದಿತ್ತಲ್ಲ, ಅಜ್ಜೀ?”

“ನಾನೂ ಹಳೇಕಿನ. ನನ್ನೂ ಕತ್ತರಸ್ತಿಯೇನು?”

ನಾಟಕ ಹೆದ್ದಾರಿಯ ಧಾಬಾದ ಎದುರು. ಮುಖವಾಡ ತೊಟ್ಟ ನಮ್ಮ ತೋಳ ಇನ್ನೂ ಒಂದು ಮಾತೂ ಆಡಿರಲಿಲ್ಲ, ಧಾಬಾದ ನಾಯಿ ಹಾರಿ ಒಂದು ಕಿವಿ ಕಿತ್ತುಕೊಂಡು ಓಡಿತು. ಧಾಬಾದವನು ಹೊಟ್ಟೆ ಹಿಡಿದುಕೊಂಡು ನಗುತ್ತ ಕೇಳಿದ: “ತೋಳಾನ್ನ ನೀವು ಉಳಸ್ತೀರಿ. ನಿಮ್ಮನ್ನ ನಾಯಿಂದ ಯಾರು ಉಳಸ್ಬೇಕ್ರಿ?”

ಮನೆಗೆ ಬಂದವಳು ನಾಯಿಯ ಜೊಲ್ಲು ತೊಳೆದು ಮುಖವಾಡವನ್ನು ಎಲ್ಲಿ ಒಣಹಾಕಿದಳು ಗೊತ್ತೇ? ಆಡಿನ ದೊಡ್ಡಿಯ ಗೂಟಕ್ಕೆ! ಸಂಜೆ ಮೇದು ಬಂದ ಆಡುಗಳು ಅದನ್ನು ಕಂಡದ್ದೇ ತಡ, ದಿಕ್ಕಾಪಾಲು. ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಐದು ತಿರುಗಿ ಬಂದವು. ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ ಗಬ್ಬದ ಆಡು ಬರಲಿಲ್ಲ.

ಬೆಳಿಗ್ಗೆ ಗೋವಿನಜೋಳದ ಹೊಲದಾಚೆ ಸಿಕ್ಕಿತು, ಅರ್ಧ. ಉಳಿದದ್ದನ್ನು ತಿನ್ನಲು ತೋಳ ಮತ್ತೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಪಕ್ಕದ ಹೊಲದವನು ಬೆಳೆಗೆ ಹೊಡೆಯುವ ಔಷಧದ ಬಾಟಲಿ ಹಿಡಿದೇ ಬಂದ.

“ಇದರ ಮ್ಯಾಲೆ ಸುರಿದ್ರ ಮುಗೀತು. ಹೂಂ ಅನ್ನಬೇ, ಆಡು ನಿಂದು.”

ನಾನು ವಕೀಲೆಯ ಮುಖ ನೋಡಿದೆ. ಊರಿಗೆಲ್ಲ ಭಾಷಣ ಬಿಗಿಯುವವಳು ಆಡಿನ ಕೊರಳ ಗಂಟೆ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದಳು.

“ಏನಂತಿ?” ಎಂದೆ.

“ತಪ್ಪು ನಂದು, ಅಜ್ಜೀ. ನನ್ನ ಕೇಳಬ್ಯಾಡ.”

ನನಗೆ ಸಾಕಾಗಿತ್ತು. ತೋಳವೂ ಸಾಕು, ಆಡೂ ಸಾಕು.

“ಬಾಟ್ಲಿ ಒಯ್ಯಪ್ಪಾ,” ಎಂದೆ. “ಗುದ್ದಲಿ ತಾ.”

ಆಳವಾಗಿ ಹೂತೆವು. ಮನೆಗೆ ಬಂದವಳು ಮುಖವಾಡವನ್ನು ಮೂಲೆಗೆಸೆದು, ಸೋಮವಾರದ ನಾಟಕಕ್ಕೆ ಹೋಗುವುದಿಲ್ಲ ಎಂದಳು. ಮಧ್ಯಾಹ್ನ ಉಳಿದ ಕಂಬಳಿಯಿಂದ ಒಂದು ಕಿವಿ ಕತ್ತರಿಸಿ ಮುಖವಾಡಕ್ಕೆ ಹೊಲಿದು ಅವಳ ಮುಂದಿಟ್ಟೆ.

“ಹೋಗು. ಆಡಿನ ಸುದ್ದಿನೂ ಹೇಳು, ಹೂತಿದ್ದೂ ಹೇಳು.”

ಅರ್ಧ ಕಂಬಳಿಯಲ್ಲಿ ನನ್ನ ಕಾಲು ಹೇಗೂ ಮುಚ್ಚುತ್ತಿರಲಿಲ್ಲ.