ಕೂದಲೆಳೆ ಜಾಗದಲ್ಲಿ ಕಾಣೆಯಾದ ಎರಡೂವರೆ ವೋಲ್ಟು

"ಇನ್ನು ಮೇಲೆ ನನ್ನ ದೋಣಿಯ ಬ್ಯಾಟರಿಗೆ ನಾನೇ ವೈದ್ಯ!" ಎಂದು ನಾನು ಘೋಷಿಸಿದಾಗ ಹೆಂಡತಿ ಪ್ರಫುಲ್ಲಾ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ.

"ರೋಗಿಯ ಗತಿ ದೇವರಿಗೇ ಪ್ರೀತಿ" ಎಂದಳು.

ನಮ್ಮ ಮನೆ ಬಂಟ್ವಾಳದಲ್ಲಿ, ನೇತ್ರಾವತಿಯ ದಡದಲ್ಲೇ. ಕಳೆದ ವರ್ಷ ನಾನೊಂದು ಬ್ಯಾಟರಿ ದೋಣಿ ಕೊಂಡೆ. ಬಿಸಿಲು-ಮಳೆಗೆ ಮೇಲೊಂದು ಮಾಡು, ಒಳಗೆ ಮಲಗಲು ಎರಡು ಬೆಂಚು, ಚಹಾಕ್ಕೊಂದು ಒಲೆ. ನನ್ನ ಪಾಲಿಗೆ ಅದು ಹಡಗು! ಪ್ರಫುಲ್ಲಾಳ ಪಾಲಿಗೆ ಶುದ್ಧ ದಂಡ.

ಕಾಯಿಲೆ ಶುರುವಾದದ್ದು ನವರಾತ್ರಿ ಕಳೆದ ಮೇಲೆ. ಚಾರ್ಜರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಹಸಿರು ದೀಪ! ಬ್ಯಾಟರಿಯ ಲೆಕ್ಕ ಹೇಳುವ ಮೊಬೈಲ್ ಆ್ಯಪ್ ಕೂಡ "ನೂರಕ್ಕೆ ನೂರು" ಎಂದಿತು. ನಾನು ಬೀಗಿದೆ. ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ಪ್ರಫುಲ್ಲಾಳ ತಮ್ಮ ಶೋಧನನನ್ನು ಕೂರಿಸಿಕೊಂಡು ಹೊರಟೆ. ನಡುನೀರಿನಲ್ಲಿ ಮೋಟಾರು ಒಮ್ಮೆ ನರಳಿ ನಿಂತೇಹೋಯಿತು.

"ಭಾವ, ಚಾರ್ಜ್ ಉಂಟಲ್ಲ?"

"ನೂರಕ್ಕೆ ನೂರು ಉಂಟು ಮಾರಾಯ! ಬೇಕಾದರೆ ಮೊಬೈಲ್ ನೋಡು!"

"ಮೊಬೈಲ್ ನೋಡಿ ಏನು ಮಾಡುದು? ಹುಟ್ಟು ಎಲ್ಲುಂಟು?"

ಹುಟ್ಟು ಮನೆಯಲ್ಲಿತ್ತು. ನೂರಕ್ಕೆ ನೂರು ಇರುವವನಿಗೆ ಹುಟ್ಟು ಯಾಕೆ? ಅಲ್ಲೇ ಬಲೆ ಬೀಸುತ್ತಿದ್ದ ಜತ್ತಪ್ಪಣ್ಣ ನಗುತ್ತಾ ಹಗ್ಗ ಕಟ್ಟಿ ನನ್ನ ಹಡಗನ್ನು ದಡಕ್ಕೆಳೆದರು. ದಡದಲ್ಲಿ ಪ್ರಫುಲ್ಲಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಆದಿತ್ಯವಾರದ ಒಳಗೆ ಇದು ಸರಿ ಆಗದಿದ್ದರೆ ಮಣ್ಣು ತುಂಬಿಸಿ ಹರಿವೆ ಹಾಕ್ತೇನೆ. ಬೀಜ ತಂದಾಗಿದೆ!"

ನನ್ನ ಹಡಗಿನಲ್ಲಿ ಹರಿವೆ ಸೊಪ್ಪೇ!

ಮರುದಿನ ಬೆಳಿಗ್ಗೆಯೇ ವೋಲ್ಟ್ ಅಳೆಯುವ ಮೀಟರು ಹಿಡಿದು ದೋಣಿಯೊಳಗೆ ನುಗ್ಗಿದೆ. ಚಾರ್ಜರಿನ ಬಾಯಿಯಲ್ಲಿ ಹದಿನಾಲ್ಕೂವರೆ ವೋಲ್ಟು. ಭೇಷ್! ವಯರಿನ ಕೊನೆಯಲ್ಲಿ, ಬ್ಯಾಟರಿಯನ್ನು ಕಚ್ಚಿ ಹಿಡಿಯುವ ಕ್ಲಾಂಪುಗಳ ಮೇಲೂ ಹದಿನಾಲ್ಕೂವರೆ. ಕ್ಲಾಂಪಿನೊಳಗಿನ ಸೀಸದ ಗೂಟಗಳ ತಲೆಗೆ ಮೀಟರು ಮುಟ್ಟಿಸಿದೆ. ಹನ್ನೆರಡು!

ಅರೆ, ಎರಡೂವರೆ ವೋಲ್ಟು ಎಲ್ಲಿಗೆ ಹೋಯಿತು? ನೀರಾಗಿದ್ದರೆ ಸೋರಿದ್ದು ಕಾಣಬೇಕಿತ್ತು. ಇಲಿ ತಿಂದಿದ್ದರೆ ಹಿಕ್ಕೆಯಾದರೂ ಇರಬೇಕಿತ್ತು. ಮತ್ತೆ ಅಳೆದೆ, ಮೀಟರನ್ನು ತಟ್ಟಿ ಅಳೆದೆ, ಮಗುಚಿ ಹಿಡಿದೂ ಅಳೆದೆ. ಹನ್ನೆರಡೇ. ಹರಿವೆಯ ಭಯವೂ ಮರೆತುಹೋಗಿ, ಆ ಕಳ್ಳನನ್ನು ಕಂಡೇ ತೀರಬೇಕೆಂಬ ಹುಚ್ಚು ಹಿಡಿಯಿತು.

"ಚಾರ್ಜರ್ ಮಾರಿದವನೇ ಮೋಸ ಮಾಡಿದ್ದು!" ಎಂದು ಗುಡುಗಿದೆ.

ಚಹಾ ತಂದ ಪ್ರಫುಲ್ಲಾ ಬಗ್ಗಿ ನೋಡಿದಳು. "ಕ್ಲಾಂಪಿಗೂ ಗೂಟಕ್ಕೂ ನಡುವೆ ಎಷ್ಟು ಜಾಗ ಉಂಟು?"

"ಕೂದಲು ಹೋಗುವಷ್ಟೂ ಇಲ್ಲ ಮಾರಾಯ್ತಿ!"

"ವೋಲ್ಟ್ ಕಾಣೆಯಾದದ್ದು ಅಲ್ಲೇ ಅಲ್ವಾ? ಹಾಗಾದ್ರೆ ಅಲ್ಲೇ ಬಿಚ್ಚಿ ನೋಡುವ. ಊರೆಲ್ಲಾ ಯಾಕೆ ಹುಡುಕುದು?"

ಚಾರ್ಜರ್ ಆರಿಸಿ ಕ್ಲಾಂಪು ಬಿಚ್ಚಿದೆ. ಗೂಟದ ಸುತ್ತ ಗಟ್ಟಿಯಾಗಿ ಒಣಗಿದ ಗಂಧ! ಅದರ ಮೇಲೆ ಕುಂಕುಮ, ಒಂದು ಸೇವಂತಿಗೆ ಎಸಳು!

"ನೋಡಿದೆಯಾ! ಇದು ಆಯುಧಪೂಜೆಯ ದಿನ ನೀನೇ ಮಾಡಿದ್ದು!"

"ನಾನು ದೋಣಿಯ ಮೂತಿಗೆ ಮಾತ್ರ ಗಂಧ ಹಚ್ಚಿದ್ದು. 'ಶಕ್ತಿ ಇರುವುದು ಬ್ಯಾಟರಿಯಲ್ಲಿ, ಗಂಧ ಮೂಲಕ್ಕೇ ಬೀಳಬೇಕು' ಅಂತ ಕ್ಲಾಂಪ್ ಬಿಚ್ಚಿ, ನನ್ನ ಕೈಯಿಂದ ಬಟ್ಟಲು ಕಸಿದುಕೊಂಡದ್ದು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ದಡದಿಂದ ಶೋಧನ್ ಕೆಮ್ಮಿದ. "ಭಾವ, ವಿಡಿಯೋ ಉಂಟು. ನೀವೇ ನನಗೆ ಮಸ್ಕತ್ತಿಗೆ ಕಳಿಸಿದ್ದಲ್ವಾ?"

ತೆರೆದ ಬಾಯಿಗೆ ಚಹಾ ಸುರಿದುಕೊಂಡೆ. ಗೂಟಗಳನ್ನು ಉಜ್ಜಿ ಫಳಫಳ ಮಾಡಿ, ಕ್ಲಾಂಪು ಬಿಗಿದು ಚಾರ್ಜರ್ ಹಾಕಿದೆ. ಗಂಧ ಕರೆಂಟಿಗೆ ಅಡ್ಡ ನಿಂತದ್ದನ್ನೇ ಚಾರ್ಜರು 'ಹೊಟ್ಟೆ ತುಂಬಿತು' ಎಂದು ತಿಳಿದಿತ್ತು; ಈಗ ಹಸಿರು ದೀಪ ಕೆಂಪಾಯಿತು. ಹಸಿದಿದ್ದ ಬ್ಯಾಟರಿ ಸಂಜೆಯವರೆಗೂ ಉಂಡಿತು!

ಆದಿತ್ಯವಾರ ದೋಣಿ ಮೂವರನ್ನೂ ಹೊತ್ತು ಜತ್ತಪ್ಪಣ್ಣನ ಎದುರೇ ಗತ್ತಿನಿಂದ ಸಾಗಿತು. ಹುಟ್ಟು ಮಾತ್ರ ನನ್ನ ತೊಡೆಯ ಮೇಲೇ ಇತ್ತು. ಹರಿವೆ ತಪ್ಪಿದ ಖುಷಿಯಲ್ಲಿ ಮೆಲ್ಲಗೆ ಕೇಳಿದೆ: "ಬರುವ ವರ್ಷ ಗಂಧ ಎಲ್ಲಿಗೆ ಹಚ್ಚುವ?"

"ನಿಮ್ಮ ಹಣೆಗೆ" ಎಂದಳು ಪ್ರಫುಲ್ಲಾ. "ಅಲ್ಲಿ ಹೇಗೂ ಕರೆಂಟ್ ಹರಿಯುದಿಲ್ಲ."